ಹಳ್ಳದ ಕರೆಂಟು, ಕೂಳಿ, ಉರುಳು

ಮೂಡಿಗೆರೆ ಪೇಟೆ ಬಿಟ್ಟು ಘಟ್ಟದ ಅಂಚಿಗೆ ಹೋದರೆ ಒಂದು ತಿರುವಿನಲ್ಲಿ ಕರೆಂಟಿನ ಕಂಬಗಳು ಮುಗಿದುಹೋಗುತ್ತವೆ. ಅಲ್ಲಿಂದ ಮುಂದೆ ಕಾನು, ಹುಲ್ಲುಗುಡ್ಡ, ಅಲ್ಲೊಂದು ಇಲ್ಲೊಂದು ಮನೆ. ನಮ್ಮ ನೆಂಟರದ್ದು ಅಂಥ ಒಂದು ಮನೆ. ಆಷಾಢದ ಒಂದು ರಾತ್ರಿ ಅಲ್ಲಿ ಊಟಕ್ಕೆ ಕೂತಿದ್ದೆವು. ಬಲ್ಬು ಮೆಲ್ಲಗೆ ಕೆಂಪಗಾಯಿತು. ಅತ್ತಿಗೆ ತಲೆ ಎತ್ತಿ ನೋಡಿ, "ಎಲೆ ಕೂತಿರ್ಬೇಕು ಕಣ್ರೀ" ಎಂದರು. ಅಣ್ಣ ಕೈ ತೊಳೆದು, ಕೊಪ್ಪೆ ಹಾಕಿಕೊಂಡು, ಟಾರ್ಚು ಹಿಡಿದು ಮಳೆಗೆ ಇಳಿದರು. ಕಾಲು ಗಂಟೆಯಲ್ಲಿ ಬಲ್ಬು ಮತ್ತೆ ಬೆಳ್ಳಗಾಯಿತು.

ಆ ಮನೆಯ ಕರೆಂಟು ಹಳ್ಳದಿಂದ ಬರುತ್ತದೆ. ಮೇಲೆ ಗುಡ್ಡದಲ್ಲಿ ನಾಲ್ಕು ಕಲ್ಲಿಟ್ಟು ನೀರು ನಿಲ್ಲಿಸಿದ್ದಾರೆ. ಅಲ್ಲಿಂದ ಒಂದು ಕಪ್ಪು ಪೈಪು ಇಳಿದು ಬಂದು, ಕೆಳಗಿನ ಸಣ್ಣ ಶೆಡ್ಡಿನಲ್ಲಿರುವ ಟರ್ಬೈನಿಗೆ ನೀರು ಹೊಡೆಯುತ್ತದೆ. ಪೈಪಿನ ಮೇಲಿನ ಬಾಯಿಗೆ ಎಲೆ ಕೂತರೆ ನೀರು ಕಮ್ಮಿಯಾಗಿ ಬಲ್ಬು ಕೆಂಪಗಾಗುತ್ತದೆ. ಲೆಕ್ಕ ತುಂಬಾ ಸುಲಭ. ಸೆಕೆಂಡಿಗೆ 10 ಲೀಟರ್, ಅಂದರೆ ಒಂದು ಸಣ್ಣ ಕೊಡ ನೀರು, 20 ಮೀಟರ್ ಎತ್ತರದಿಂದ ಬೀಳುತ್ತಿದೆ ಅಂದುಕೊಳ್ಳಿ. 10ನ್ನು 20ರಿಂದ, ಅದನ್ನು ಗುರುತ್ವದ 9.8ರಿಂದ ಗುಣಿಸಿದರೆ 1,960 ವಾಟ್. ಪೈಪಿನ ತಿಕ್ಕಾಟ, ಟರ್ಬೈನು, ಜನರೇಟರು ಎಲ್ಲ ಸೇರಿ ಅರ್ಧ ತಿಂದುಬಿಟ್ಟರೂ ಹತ್ತಿರ ಹತ್ತಿರ 1 ಕಿಲೋವಾಟ್ ಉಳಿಯುತ್ತದೆ. ದೀಪಗಳು, ಟಿವಿ, ಮೊಬೈಲು ಚಾರ್ಜು ಎಲ್ಲಕ್ಕೂ ಸಾಕು. ತಿಕ್ಕಾಟವೇ ಇಲ್ಲ ಎಂದಿದ್ದರೆ ಆ ಪೈಪಿನ ಬಾಯಿಂದ ನೀರು ಗಂಟೆಗೆ 70 ಕಿಲೋಮೀಟರ್ ವೇಗದಲ್ಲಿ ಚಿಮ್ಮುತ್ತಿತ್ತು. ಚಾರ್ಮಾಡಿ ತಿರುವುಗಳಲ್ಲಿ ಯಾವ ಬಸ್ಸೂ ಅಷ್ಟು ವೇಗದಲ್ಲಿ ಇಳಿಯುವುದಿಲ್ಲ.

ಕಷ್ಟ ಇರುವುದು ಇನ್ನೊಂದು ಕಡೆ. ಮಲಗುವಾಗ ಒಂದು ಬಿಟ್ಟು ಉಳಿದೆಲ್ಲ ದೀಪ ಆರಿಸಿದರೆ ಹಳ್ಳಕ್ಕೆ ಅದು ಗೊತ್ತಾಗುವುದಿಲ್ಲ, ಅಲ್ವಾ? ನೀರು ಅಷ್ಟೇ ಜೋರಾಗಿ ಹೊಡೆಯುತ್ತಿರುತ್ತದೆ. ಹೊರೆ ಇಳಿದ ಟರ್ಬೈನು ಎರ್ರಾಬಿರ್ರಿ ತಿರುಗಿ, ವೋಲ್ಟೇಜು ಏರಿ, ಉರಿಯುತ್ತಿರುವ ಆ ಒಂದು ಬಲ್ಬೂ ಸುಟ್ಟುಹೋಗುತ್ತದೆ. ಅದಕ್ಕೆ ಗೋಡೆಯ ಮೇಲೆ ಒಂದು ಪೆಟ್ಟಿಗೆ ಇದೆ. ಮನೆಗೆ ಬೇಡವಾದ ಕರೆಂಟನ್ನು ಅದು ಕೂಡಲೇ ಬಚ್ಚಲಿನ ನೀರಿನಲ್ಲಿ ಮುಳುಗಿಸಿಟ್ಟ ಹೀಟರ್ ಕಾಯಿಲಿಗೆ ತಿರುಗಿಸುತ್ತದೆ. ಮನೆಯವರು ನಿದ್ದೆ ಮಾಡುತ್ತಿದ್ದರೆ ಹಂಡೆ ನೀರು ಕಾಯುತ್ತಿರುತ್ತದೆ. ಬೆಳಗ್ಗೆ ಆ ಬಿಸಿನೀರು ಮೈಮೇಲೆ ಬಿದ್ದಾಗ ನನಗೆ ಆದ ಖುಷಿ ಇವತ್ತಿಗೂ ನೆನಪಿದೆ.

ಮಳೆ ನಿಂತ ಮೇಲೂ ಈ ಹಳ್ಳ ಹರಿಯುತ್ತದೆ. ಅದು ಕಾನಿನ ಕೆಲಸ. ಇಲ್ಲಿನ ಮೇಲುಗುಡ್ಡಗಳಲ್ಲಿ ಹುಲ್ಲು ಒಂದು ಕಡೆ, ಕಣಿವೆಯ ಮಡಿಲಲ್ಲಿ ಶೋಲಾ ಕಾಡು ಒಂದು ಕಡೆ. ಎಲೆ ಕೊಳೆತು ಮೆತ್ತಗಾದ ಮಣ್ಣು ಮಳೆನೀರನ್ನು ಹೀರಿಕೊಂಡು ತಿಂಗಳುಗಟ್ಟಲೆ ಒರತೆಯಾಗಿ ಬಿಡುತ್ತದೆ. ಇದೇ ತಾಲ್ಲೂಕಿನ ಜಾವಳಿಯಲ್ಲಿ ಹುಟ್ಟುವ ಹೇಮಾವತಿ ಬೆಳೆಯುವುದೂ ಇಂಥ ಹಳ್ಳಗಳಿಂದಲೇ. ಕಾನು ಕಡಿದರೆ ಆ ಮನೆಯ ದೀಪ ಮೊದಲು ಆರುತ್ತದೆ.

ಲೈನಿನಿಂದ ದೂರ ಬದುಕುವವರಿಗೆ ಹಾದುಹೋಗುವುದನ್ನು ಹಿಡಿಯುವ ವಿದ್ಯೆ ಬೇಕು. ನೀರಿನ ಬಲದ ಹಾಗೆಯೇ ಮೀನು ಕೂಡ. ಮುಂಗಾರಿನ ಮೊದಲ ಜೋರು ಮಳೆಗೆ ಹಳ್ಳದಿಂದ ಗದ್ದೆಗೆ ಮೀನು ಹತ್ತುತ್ತವೆ. ನಮ್ಮ ಕಡೆ ಅದನ್ನು ಹತ್ತುಮೀನು ಅನ್ನುತ್ತಾರೆ. ಹೊಸನೀರು ನಿಂತ ಗದ್ದೆ ಮೊಟ್ಟೆ ಇಡಲು ಒಳ್ಳೆಯ ಜಾಗ: ನೀರು ತೆಳ್ಳಗೆ, ಬೆಚ್ಚಗೆ, ಮರಿಗಳಿಗೆ ತಿನ್ನಲು ಬೇಕಾದಷ್ಟು ಸೂಕ್ಷ್ಮಜೀವಿಗಳು, ತಿನ್ನಲು ಬರುವ ದೊಡ್ಡ ಮೀನು ಕಮ್ಮಿ. ಆ ಹಾದಿಯಲ್ಲಿ ಬಿದಿರಿನ ಕೂಳಿ ಇಡುತ್ತಾರೆ. ಅಣ್ಣನ ಕೂಳಿಯನ್ನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಬಾಯಿ ಅಗಲ, ಒಳಗೆ ಇನ್ನೊಂದು ಆಲಿಕೆಯಂಥ ಹೆಣಿಗೆ. ಅದರ ಕಡ್ಡಿಗಳ ಚೂಪು ತುದಿ ಒಳಮುಖ. ಕೈ ಸಲೀಸಾಗಿ ಒಳಗೆ ಹೋಯಿತು. ಹೊರಗೆ ಎಳೆದರೆ ಕಡ್ಡಿಗಳು ಚುಚ್ಚಿದವು.

ಬಾಯಿ ಹಳ್ಳದ ಕೆಳಗಿನ ಕಡೆಗೆ ತಿರುಗಿಸಿಟ್ಟರೆ ಹತ್ತುವ ಮೀನು, ಅಂದರೆ ಹೊಟ್ಟೆ ತುಂಬ ಮೊಟ್ಟೆ ಇರುವ ಮೀನು ಸಿಗುತ್ತದೆ. ಮೇಲಿನ ಕಡೆಗೆ ತಿರುಗಿಸಿದರೆ ಮೊಟ್ಟೆ ಇಟ್ಟು ಇಳಿಯುವ ಮೀನು. ಅಣ್ಣ ಈಗ ಮೇಲಿನ ಕಡೆಗೇ ತಿರುಗಿಸಿ ಇಡುತ್ತಾರೆ. ಕಡ್ಡಿಗಳ ನಡುವೆ ಬೆರಳು ತೂರುವಷ್ಟು ಸಂದು ಬಿಟ್ಟಿದ್ದಾರೆ. ಮರಿಗಳು ಅದರಲ್ಲೇ ಜಾರಿ ಹೋಗುತ್ತವೆ.

ಉರುಳಿಗೆ ಈ ಸಂದಿಲ್ಲ. ನನಗೆ ಉರುಳಿನ ಮೇಲೆ ಸಿಟ್ಟಿದೆ, ಮುಚ್ಚಿಡುವುದಿಲ್ಲ. ಹಂದಿ ಕಾಟಕ್ಕೆಂದು ಬೈಕಿನ ಕ್ಲಚ್ ವೈರನ್ನು ಬೇಲಿಯ ಗಂಡಿಯಲ್ಲಿ ಕುಣಿಕೆ ಮಾಡಿ ಕಟ್ಟುತ್ತಾರೆ. ಬಿಗಿಯುವ ಬಲವೆಲ್ಲ ಪ್ರಾಣಿಯದ್ದೇ. ಎಷ್ಟು ಎಳೆದರೆ ಅಷ್ಟು ಕಚ್ಚುತ್ತದೆ. ಹಂದಿಗೆ ಕಟ್ಟಿದ್ದರಲ್ಲಿ ಚಿರತೆ ಸಿಗುತ್ತದೆ, ನಾಯಿ ಸಿಗುತ್ತದೆ. ಸೊಂಟಕ್ಕೆ ಉರುಳು ಬಿದ್ದ ಚಿರತೆ ಗಂಟೆಗಟ್ಟಲೆ ಒದ್ದಾಡುತ್ತದೆ. ಆಗ ಅದರ ಸ್ನಾಯುಗಳು ಒಡೆದು, ಒಳಗಿನ ಮಯೋಗ್ಲೋಬಿನ್ ಎಂಬ ಪ್ರೋಟೀನು ರಕ್ತಕ್ಕೆ ಸೇರುತ್ತದೆ. ಅದನ್ನು ಸೋಸಲಾಗದೆ ಮೂತ್ರಪಿಂಡ ಕೆಡುತ್ತದೆ. ಅದಕ್ಕೇ ಬಿಡಿಸಿದ ಮೇಲೆ ಎದ್ದು ನಡೆದುಹೋದ ಪ್ರಾಣಿಯೂ ಕೆಲವು ದಿನಗಳಲ್ಲಿ ಸಾಯಬಹುದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಉರುಳಿನಲ್ಲಿ ಹಿಡಿಯಲು ಪ್ರಯತ್ನ ಮಾಡಿದರೂ ಅದು ಬೇಟೆಯೇ.

ಇದೇ ಜಿಲ್ಲೆಯ ಭದ್ರಾ ಕಾಡಿನಲ್ಲಿ ಇನ್ನೊಂದು ಬಗೆಯ ಬಲೆ ಇದೆ. ಕ್ಯಾಮೆರಾ ಟ್ರ್ಯಾಪ್. ಉರುಳು ಕಟ್ಟುವವನ ಹಾಗೆ ಇಲ್ಲೂ ಪ್ರಾಣಿಯ ಹಾದಿ ಗೊತ್ತಿರಬೇಕು, ಇಲ್ಲೂ ಮರದ ಬುಡದಲ್ಲಿ ಮೊಣಕಾಲೆತ್ತರಕ್ಕೇ ಕಟ್ಟಬೇಕು. ಮೈಯ ಬಿಸಿ ಮುಂದೆ ಹಾದರೆ ಸೆನ್ಸರ್‌ಗೆ ಗೊತ್ತಾಗಿ ಫೋಟೊ ಬೀಳುತ್ತದೆ. ಯಾವ ಹುಲಿ ಎಂದು ಗುರುತು ಹಿಡಿಯುವುದು ಮೈಮೇಲಿನ ಪಟ್ಟೆಯಿಂದ. ಎಡಮೈ ಪಟ್ಟೆ ಬಲಮೈಯಂತೆ ಇರುವುದಿಲ್ಲ, ಹಾಗಾಗಿ ಹಾದಿಯ ಎರಡೂ ಕಡೆ ಒಂದೊಂದು ಕ್ಯಾಮೆರಾ. ಎಲ್ಲ ಹುಲಿಯೂ ಸಿಗದಿದ್ದರೂ ಲೆಕ್ಕ ಹಾಕಬಹುದು. ಉದಾಹರಣೆಗೆ, ಮೊದಲ ಸಲ 10 ಹುಲಿ ಸಿಕ್ಕವು. ಎರಡನೇ ಸಲ 12. ಆ 12ರಲ್ಲಿ ಮೊದಲ ಸಲವೂ ಸಿಕ್ಕಿದ್ದವು 4, ಅಂದರೆ ಮೂರರಲ್ಲಿ ಒಂದು. ಹಾಗಾದರೆ ಮೊದಲು ಸಿಕ್ಕ 10 ಕೂಡ ಇಡೀ ಕಾಡಿನ ಮೂರರಲ್ಲಿ ಒಂದು ಪಾಲು, ಒಟ್ಟು ಸುಮಾರು 30. ಈಗಿನ ಲೆಕ್ಕಗಳು ಇದಕ್ಕಿಂತ ಜಾಸ್ತಿ ಸೂಕ್ಷ್ಮ. ಆದರೆ ಬೇರು ಇದೇ. 1990ರ ದಶಕದಲ್ಲಿ ಕನ್ನಡಿಗರೇ ಆದ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಈ ದಾರಿಯಲ್ಲಿ ಹುಲಿ ಎಣಿಸಿ ತೋರಿಸಿದರು.

ಹೋದ ವರ್ಷ ಎಲೆ ತೆಗೆಯಲು ಹತ್ತಿದ್ದಾಗ ಅಣ್ಣನಿಗೆ ಪೈಪಿನ ಪಕ್ಕದಲ್ಲೇ ಒಂದು ಉರುಳು ಸಿಕ್ಕಿತಂತೆ. ಯಾರು ಕಟ್ಟಿದ್ದೋ ಗೊತ್ತಿಲ್ಲ. ಬಿಚ್ಚಿ ತಂದರು. ಮಳೆಗೆ ಪೈಪು ಜಾರದ ಹಾಗೆ ನಂದಿ ಮರಕ್ಕೆ ಎಳೆದು ಕಟ್ಟಿದ್ದಾರಲ್ಲ, ಆ ವೈರು ಅದೇ.