ಬಿಟ್ಟುಹೋಗಬೇಕೇ ಎಂದು ಕೇಳುವ ಅಧಿಕಾರ ಯಾರದು?

ತುಲನಾತ್ಮಕ ಸಂವಿಧಾನವನ್ನು ಪಾಠ ಮಾಡುವ ನನ್ನಂಥವರಿಗೆ ಪ್ರತಿವರ್ಷ ತಪ್ಪದೆ ಎದುರಾಗುವ ಪ್ರಶ್ನೆಯೊಂದಿದೆ. ಸ್ಕಾಟ್ಲೆಂಡಿನ ಜನ 2014ರಲ್ಲಿ ಮತಗಟ್ಟೆಗೆ ಹೋಗಿ, ಬ್ರಿಟನ್ನಿನಿಂದ ಬೇರೆಯಾಗಬೇಕೇ ಬೇಡವೇ ಎಂದು ಮತ ಹಾಕಿ ಮನೆಗೆ ಮರಳಿದರು. ಅದೇ ಪ್ರಶ್ನೆಯನ್ನು 2017ರಲ್ಲಿ ಜನರ ಮುಂದಿಟ್ಟ, ಸ್ಪೇನಿನ ಸ್ವಾಯತ್ತ ಪ್ರಾಂತ ಕ್ಯಾಟಲೋನಿಯಾದ ನಾಯಕರು ಜೈಲಿಗೆ ಹೋದರು. ಎರಡೂ ಪಶ್ಚಿಮ ಯುರೋಪಿನ ಪ್ರಜಾಪ್ರಭುತ್ವಗಳೇ ಆಗಿರುವಾಗ ಇಷ್ಟು ಅಂತರವೇಕೆ? ಬ್ರಿಟನ್ ಉದಾರಿ, ಸ್ಪೇನ್ ಇನ್ನೂ ಸರ್ವಾಧಿಕಾರಿ ಫ್ರಾಂಕೋನ ನೆರಳಿನಲ್ಲಿದೆ ಎಂಬ ಸಿದ್ಧ ಉತ್ತರವನ್ನು ವಿದ್ಯಾರ್ಥಿಗಳೇ ಕೊಟ್ಟುಕೊಳ್ಳುತ್ತಾರೆ. ಆ ಉತ್ತರದಲ್ಲಿ ಹುರುಳಿಲ್ಲವೆಂದಲ್ಲ, ಆದರೆ ಕಾನೂನಿನ ಪಠ್ಯವನ್ನು ಮುಂದಿಟ್ಟುಕೊಂಡು ನೋಡಿದರೆ ಎರಡೂ ದೇಶಗಳು ನಾವು ಭಾವಿಸುವುದಕ್ಕಿಂತ ಹೆಚ್ಚು ಸಮೀಪದಲ್ಲಿವೆ.

ಸ್ಕಾಟ್ಲೆಂಡಿನ ಸಂಸತ್ತು 1998ರ ಕಾಯ್ದೆಯ ಮೂಲಕ ರೂಪುಗೊಂಡು 1999ರಲ್ಲಿ ಕೆಲಸ ಆರಂಭಿಸಿತು. ಯಾವ ವಿಷಯಗಳಲ್ಲಿ ಅದು ಕಾನೂನು ಮಾಡುವಂತಿಲ್ಲ ಎಂಬ ಪಟ್ಟಿ ಆ ಕಾಯ್ದೆಯ ಐದನೇ ಅನುಸೂಚಿಯಲ್ಲಿದ್ದು, ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡ್ ರಾಜ್ಯಗಳ ಒಕ್ಕೂಟವೂ ಆ ಮೀಸಲು ವಿಷಯಗಳಲ್ಲಿ ಒಂದು. 2011ರ ಚುನಾವಣೆಯಲ್ಲಿ ಸ್ವಾತಂತ್ರ್ಯವಾದಿ ಸ್ಕಾಟಿಷ್ ನ್ಯಾಷನಲ್ ಪಾರ್ಟಿ 129 ಸ್ಥಾನಗಳ ಪೈಕಿ 69 ಗೆದ್ದು ಸ್ಪಷ್ಟ ಬಹುಮತ ಪಡೆದಾಗ, ಜನಮತಗಣನೆಗೆ ಕಾನೂನಿನ ಆಧಾರ ಎಲ್ಲಿಂದ ತರಬೇಕು ಎಂಬ ಪ್ರಶ್ನೆ ಎದ್ದಿತು. ಉತ್ತರ ಅದೇ ಕಾಯ್ದೆಯ 30ನೇ ಸೆಕ್ಷನ್ನಿನಲ್ಲಿತ್ತು. ಅದರ ಪ್ರಕಾರ ಲಂಡನ್ನಿನ ಒಪ್ಪಿಗೆಯಿದ್ದರೆ ಆದೇಶವೊಂದರ ಮೂಲಕ ಮೀಸಲು ವಿಷಯವನ್ನು ತಾತ್ಕಾಲಿಕವಾಗಿ ಸ್ಕಾಟ್ಲೆಂಡಿನ ರಾಜಧಾನಿ ಎಡಿನ್‌ಬರೊಗೆ ಬಿಟ್ಟುಕೊಡಬಹುದು. 2012ರ ಅಕ್ಟೋಬರ್ 15ರಂದು ಬ್ರಿಟನ್ ಪ್ರಧಾನಿ ಡೇವಿಡ್ ಕ್ಯಾಮರಾನ್ ಮತ್ತು ಸ್ಕಾಟ್ಲೆಂಡ್ ಸರ್ಕಾರದ ಮುಖ್ಯಸ್ಥ ಅಲೆಕ್ಸ್ ಸಾಲ್ಮಂಡ್ ಸಹಿ ಹಾಕಿದ ಒಪ್ಪಂದ ಇದೇ ದಾರಿಯನ್ನು ಹಿಡಿಯಿತು. ಆಗಿನ ಸಮೀಕ್ಷೆಗಳಲ್ಲಿ ಸ್ವಾತಂತ್ರ್ಯದ ಪರವಾದ ಬೆಂಬಲ ಮೂರನೇ ಒಂದು ಪಾಲಿನ ಆಸುಪಾಸಿನಲ್ಲಿತ್ತು. ಕ್ಯಾಮರಾನ್ ಒಪ್ಪಿದ್ದರಲ್ಲಿ ಔದಾರ್ಯ ಎಷ್ಟು, ಗೆದ್ದೇ ಗೆಲ್ಲುತ್ತೇವೆಂಬ ಲೆಕ್ಕಾಚಾರ ಎಷ್ಟು ಎಂಬುದನ್ನು ಓದುಗರೇ ಊಹಿಸಬಹುದು.

ಆ ಜನಮತಗಣನೆ ನಡೆದ ಕ್ರಮ ಮಾತ್ರ ಅಧ್ಯಯನಕ್ಕೆ ಯೋಗ್ಯವಾದದ್ದು. ಸ್ಕಾಟಿಷ್ ಸರ್ಕಾರ ಮೊದಲು ಸೂಚಿಸಿದ್ದ ಪ್ರಶ್ನೆ "ಸ್ಕಾಟ್ಲೆಂಡ್ ಸ್ವತಂತ್ರ ದೇಶವಾಗಬೇಕೆಂಬುದನ್ನು ನೀವು ಒಪ್ಪುವಿರಾ?" ಎಂಬ ಧಾಟಿಯಲ್ಲಿತ್ತು. ಚುನಾವಣಾ ಆಯೋಗ ಅದನ್ನು ಸಾಮಾನ್ಯ ಮತದಾರರ ಮುಂದಿಟ್ಟು ಪರೀಕ್ಷಿಸಿ, ಅದು "ಹೌದು" ಎಂಬ ಉತ್ತರದ ಕಡೆಗೆ ವಾಲುತ್ತದೆಂದು ಹೇಳಿದ್ದರಿಂದ "ಸ್ಕಾಟ್ಲೆಂಡ್ ಸ್ವತಂತ್ರ ದೇಶವಾಗಬೇಕೇ?" ಎಂದು ನೇರಗೊಳಿಸಲಾಯಿತು. ಮತದ ಹಕ್ಕನ್ನು ವಂಶದ ಮೇಲಲ್ಲ, ವಾಸದ ಮೇಲೆ ನಿರ್ಧರಿಸಿದರು. 16 ತುಂಬಿದವರಿಗೂ ಕೊಟ್ಟರು. ಕಾಮನ್‌ವೆಲ್ತ್ ಪೌರರಿಗೂ ಹಕ್ಕಿದ್ದುದರಿಂದ ಗ್ಲಾಸ್ಗೊದಲ್ಲಿ ಕಾನೂನುಬದ್ಧವಾಗಿ ನೆಲೆಸಿದ್ದ ಕನ್ನಡಿಗನೊಬ್ಬ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ಸ್ಕಾಟ್ಲೆಂಡಿನ ಭವಿಷ್ಯದ ಬಗ್ಗೆ ಮತ ಹಾಕಬಹುದಿತ್ತು. ಎಡಿನ್‌ಬರೊದಲ್ಲಿ ಹುಟ್ಟಿ ಲಂಡನ್ನಿನಲ್ಲಿ ವಾಸವಾಗಿದ್ದ ಸ್ಕಾಟ್ ಹಾಕುವಂತಿರಲಿಲ್ಲ. ರಕ್ತಸಂಬಂಧವನ್ನು ಬದಿಗಿಟ್ಟು ನೆಲದಲ್ಲಿ ಬದುಕುವವರನ್ನೇ ಜನರೆಂದು ಎಣಿಸಿದ ಈ ತೀರ್ಮಾನ, ರಾಷ್ಟ್ರೀಯತೆಯೆಂದರೆ ಕುಲಾಭಿಮಾನವೇ ಎಂದು ತಿಳಿದವರಿಗೆ ಅಚ್ಚರಿ ತರುತ್ತದೆ. 2014ರ ಸೆಪ್ಟೆಂಬರ್ 18ರಂದು ಶೇ 84.6ರಷ್ಟು ಜನ ಮತ ಹಾಕಿದರು, ಶೇ 55.3ರಷ್ಟು ಮಂದಿ ಬೇಡವೆಂದರು.

ಎರಡೇ ವರ್ಷದಲ್ಲಿ ಬ್ರೆಕ್ಸಿಟ್ ಬಂತು. ಸ್ಕಾಟ್ಲೆಂಡಿನ ಶೇ 62ರಷ್ಟು ಮತದಾರರು ಐರೋಪ್ಯ ಒಕ್ಕೂಟದಲ್ಲಿ ಉಳಿಯಬೇಕೆಂದರೂ ಇಡೀ ಬ್ರಿಟನ್ನಿನ ಜೊತೆ ಹೊರಬೀಳಬೇಕಾಯಿತು. ಪರಿಸ್ಥಿತಿ ಬದಲಾಗಿದೆ, ಮತ್ತೊಮ್ಮೆ ಜನರನ್ನು ಕೇಳಬೇಕು ಎಂಬ ಬೇಡಿಕೆಗೆ ಲಂಡನ್ ಈ ಬಾರಿ ಒಪ್ಪಲಿಲ್ಲ. ಹಿಂದಿನ ಆದೇಶದ ಅವಧಿ 2014ಕ್ಕೇ ಮುಗಿದಿದ್ದರಿಂದ ಪ್ರಶ್ನೆ ಬ್ರಿಟನ್ನಿನ ಸುಪ್ರೀಂ ಕೋರ್ಟಿಗೆ ಹೋಯಿತು. 2022ರ ನವೆಂಬರ್ 23ರಂದು ನ್ಯಾಯಪೀಠ ಒಮ್ಮತದ ತೀರ್ಪು ನೀಡಿತು: ಜನಮತಗಣನೆ ಕೇವಲ ಸಲಹಾತ್ಮಕವಾಗಿದ್ದರೂ ಅದು ಒಕ್ಕೂಟದ ಭವಿಷ್ಯಕ್ಕೆ ಸಂಬಂಧಿಸಿದ ಮೀಸಲು ವಿಷಯವೇ, ಹಾಗಾಗಿ ಎಡಿನ್‌ಬರೊ ಸಂಸತ್ತಿಗೆ ಅದನ್ನು ನಡೆಸುವ ಅಧಿಕಾರವಿಲ್ಲ. ಸ್ವಯಂನಿರ್ಣಯದ ಹಕ್ಕಿನ ವಾದವೂ ನಿಲ್ಲಲಿಲ್ಲ. ಕೆನಡಾದ ಸುಪ್ರೀಂ ಕೋರ್ಟ್ 1998ರಲ್ಲಿ ತನ್ನ ದೇಶದ ಫ್ರೆಂಚ್ ಭಾಷಿಕ ಪ್ರಾಂತ ಕ್ವಿಬೆಕ್ ವಿಷಯದಲ್ಲಿ ಹೇಳಿದಂತೆ, ಬೇರೆಯಾಗುವ ಹಕ್ಕು ವಸಾಹತುಗಳಿಗೆ ಮತ್ತು ಪರಕೀಯರ ದಬ್ಬಾಳಿಕೆಗೆ ಒಳಗಾದ ಜನರಿಗೆ ಸಲ್ಲುತ್ತದೆ, ಪ್ರಾತಿನಿಧ್ಯವಿರುವ ಪ್ರಜಾಪ್ರಭುತ್ವದೊಳಗಿನ ಪ್ರಾಂತಕ್ಕಲ್ಲ ಎಂಬ ನಿಲುವನ್ನೇ ಲಂಡನ್ನಿನ ನ್ಯಾಯಮೂರ್ತಿಗಳು ಅನುಸರಿಸಿದರು. ಅಂದರೆ 2014ರಲ್ಲಿ ತೆರೆದಿದ್ದ ಬಾಗಿಲಿನ ಬೀಗದ ಕೈ ಮೊದಲಿನಿಂದಲೂ ಲಂಡನ್ನಿನಲ್ಲೇ ಇತ್ತು.

ಈಗ ಸ್ಪೇನಿಗೆ ಬರೋಣ. 1978ರ ಸಂವಿಧಾನದ 2ನೇ ವಿಧಿ ಸ್ಪ್ಯಾನಿಷ್ ರಾಷ್ಟ್ರದ ಐಕ್ಯವನ್ನು ಒಡೆಯಲಾಗದ್ದೆಂದು ಸಾರುತ್ತಲೇ, ಅದರೊಳಗಿನ ಪ್ರದೇಶಗಳ ಸ್ವಾಯತ್ತತೆಯ ಹಕ್ಕನ್ನೂ ಮಾನ್ಯ ಮಾಡುತ್ತದೆ. ಆ ಸಂವಿಧಾನಕ್ಕೆ ಕ್ಯಾಟಲೋನಿಯಾದ ಮತದಾರರು ಶೇ 90ರಷ್ಟು ಬೆಂಬಲ ಕೊಟ್ಟಿದ್ದರೆಂಬುದನ್ನು ಎರಡೂ ಪಕ್ಷದವರು ತಮತಮಗೆ ಬೇಕಾದಾಗ ನೆನಪಿಸಿಕೊಳ್ಳುತ್ತಾರೆ ಅಥವಾ ಮರೆಯುತ್ತಾರೆ. ಮೂರು ದಶಕಗಳ ಕಾಲ ಅಲ್ಲಿನ ಮುಖ್ಯ ರಾಷ್ಟ್ರೀಯವಾದಿ ಪಕ್ಷ ಕೇಳುತ್ತಿದ್ದುದು ಹೆಚ್ಚಿನ ಅಧಿಕಾರವನ್ನೇ ಹೊರತು ಪ್ರತ್ಯೇಕ ದೇಶವನ್ನಲ್ಲ. ತಿರುವು ಬಂದದ್ದು ನ್ಯಾಯಾಲಯದಲ್ಲಿ. ಕ್ಯಾಟಲೋನಿಯಾದ ರಾಜಧಾನಿ ಬಾರ್ಸಿಲೋನಾದ ಶಾಸನಸಭೆ ರೂಪಿಸಿ, ಮ್ಯಾಡ್ರಿಡ್‌ನ ಸಂಸತ್ತು ತಿದ್ದಿ ಒಪ್ಪಿ, 2006ರ ಜೂನ್‌ನಲ್ಲಿ ಕ್ಯಾಟಲೋನಿಯಾದ ಜನರೇ ಮತದ ಮೂಲಕ ಅಂಗೀಕರಿಸಿದ ಸ್ವಾಯತ್ತತಾ ಕಾಯ್ದೆಯನ್ನು ಸ್ಪೇನಿನ ಬಲಪಂಥೀಯ ಪೀಪಲ್ಸ್ ಪಾರ್ಟಿ ಸಾಂವಿಧಾನಿಕ ನ್ಯಾಯಾಲಯದಲ್ಲಿ ಪ್ರಶ್ನಿಸಿತು. ನಾಲ್ಕು ವರ್ಷ ಎಳೆದ ನಂತರ 2010ರ ಜೂನ್ 28ರಂದು ಬಂದ ತೀರ್ಪು 14 ವಿಧಿಗಳನ್ನು ಪೂರ್ಣವಾಗಿ ಇಲ್ಲವೇ ಭಾಗಶಃ ಅನೂರ್ಜಿತಗೊಳಿಸಿತು. ಜನ ಮತ ಹಾಕಿ ಒಪ್ಪಿದ ಮೇಲೆ ನ್ಯಾಯಾಲಯ ಕತ್ತರಿ ಆಡಿಸುವ ಈ ಕ್ರಮದಲ್ಲೇ ದೋಷವಿತ್ತೆಂಬುದು ನನ್ನ ಅಭಿಪ್ರಾಯ. ಪರಿಶೀಲನೆ ಮತದಾನಕ್ಕೆ ಮೊದಲೇ ಆಗಿದ್ದರೆ ಅದೇ ತೀರ್ಪು ಇಷ್ಟು ಗಾಯ ಮಾಡುತ್ತಿರಲಿಲ್ಲ. ತೀರ್ಪಿಗೆ ಮುಂಚೆ ಐದರಲ್ಲೊಬ್ಬರ ಮಟ್ಟದಲ್ಲಿದ್ದ ಸ್ವಾತಂತ್ರ್ಯದ ಪರ ಬೆಂಬಲ, ಆರ್ಥಿಕ ಬಿಕ್ಕಟ್ಟಿನ ಉರಿಯೂ ಸೇರಿ, 2013ರ ಹೊತ್ತಿಗೆ ಅರ್ಧದ ಸಮೀಪಕ್ಕೆ ಏರಿತು.

ಸ್ಪೇನಿನ ನ್ಯಾಯಾಲಯ ಸ್ವಾತಂತ್ರ್ಯದ ಗುರಿಯನ್ನೇ ಅಪರಾಧವೆಂದಿದೆ ಎಂಬ ತಪ್ಪು ಗ್ರಹಿಕೆ ನಮ್ಮಲ್ಲಿ ವ್ಯಾಪಕವಾಗಿದೆ. 2014ರ ಮಾರ್ಚ್‌ನ ತೀರ್ಪಿನಲ್ಲಿ ಅದು ಹೇಳಿದ್ದು, ಆ ಗುರಿಯನ್ನು ಇಟ್ಟುಕೊಳ್ಳಬಹುದು, ಆದರೆ ಸಂವಿಧಾನ ತಿದ್ದುಪಡಿಯ ಮೂಲಕವೇ ತಲುಪಬೇಕು ಎಂದು. ಆ ತಿದ್ದುಪಡಿಗೆ ಸಂಸತ್ತಿನ ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಬಹುಮತ ಬೇಕು, ಆಮೇಲೆ ಸಂಸತ್ತು ವಿಸರ್ಜನೆಯಾಗಿ ಚುನಾವಣೆ ನಡೆಯಬೇಕು, ಹೊಸ ಸಂಸತ್ತು ಅದೇ ಬಹುಮತದಿಂದ ಮತ್ತೆ ಒಪ್ಪಬೇಕು, ಕೊನೆಗೆ ಇಡೀ ಸ್ಪೇನಿನ ಜನ ಮತ ಹಾಕಬೇಕು. ಕಾಗದದ ಮೇಲೆ ದಾರಿಯಿದೆ, ನಡೆಯಲು ಬರುವಂಥದ್ದಲ್ಲ.

ಹಾಗೆಂದು ಬಾರ್ಸಿಲೋನಾದ ಕಡೆಯವರು ಕಾನೂನಿನ ದೃಷ್ಟಿಯಲ್ಲಿ ನಿರ್ದೋಷಿಗಳಾಗಿರಲಿಲ್ಲ. 2015ರ ಚುನಾವಣೆಯಲ್ಲಿ ಶೇ 47.8ರಷ್ಟು ಮತ ಪಡೆದು, 135ರಲ್ಲಿ 72 ಸ್ಥಾನ ಗೆದ್ದಿದ್ದ ಸ್ವಾತಂತ್ರ್ಯವಾದಿ ಪಕ್ಷಗಳು 2017ರ ಸೆಪ್ಟೆಂಬರ್‌ನಲ್ಲಿ ಜನಮತಗಣನೆಯ ಕಾನೂನನ್ನೂ, ಹೊಸ ಗಣರಾಜ್ಯಕ್ಕೆ ದಾಟುವ ಕಾನೂನನ್ನೂ ಅವಸರದಲ್ಲಿ ಅಂಗೀಕರಿಸಿದವು. ಅವರದೇ ಸ್ವಾಯತ್ತತಾ ಕಾಯ್ದೆಯನ್ನು ತಿದ್ದಲು ಸಭೆಯ ಮೂರನೇ ಎರಡರಷ್ಟು ಸದಸ್ಯರು ಬೇಕು. ದೇಶವನ್ನೇ ಬಿಡಲು ಸರಳ ಬಹುಮತ ಸಾಕೆಂದು ಭಾವಿಸಿದ್ದು ಹೇಗೆಂಬ ಪ್ರಶ್ನೆಗೆ ಅವರಿಂದ ಸಮಾಧಾನಕರ ಉತ್ತರ ಬರಲಿಲ್ಲ. ಅಕ್ಟೋಬರ್ 1ರ ಮತದಾನದಲ್ಲಿ ಪೊಲೀಸರು ಲಾಠಿ ಬೀಸಿದ ದೃಶ್ಯಗಳು ಜಗತ್ತಿಗೆ ಗೊತ್ತು. ಸ್ವಾತಂತ್ರ್ಯದ ವಿರೋಧಿಗಳಲ್ಲಿ ಹೆಚ್ಚಿನವರು ಬಹಿಷ್ಕರಿಸಿದ್ದರಿಂದ ಸುಮಾರು ಶೇ 43ರಷ್ಟು ಮತದಾನವಾಗಿ, ಅದರಲ್ಲಿ ಶೇ 90 ಹೌದೆಂದಿತು. ಅಕ್ಟೋಬರ್ 10ರಂದು ಕ್ಯಾಟಲೋನಿಯಾ ಸರ್ಕಾರದ ಮುಖ್ಯಸ್ಥ ಪುಜ್‌ಡೆಮಾನ್ ಸ್ವಾತಂತ್ರ್ಯದ ಮಾತೆತ್ತಿ, ಮಾತುಕತೆಗಾಗಿ ಅದನ್ನು ಕೆಲವೇ ಕ್ಷಣಗಳಲ್ಲಿ ತಡೆಹಿಡಿದರು. 27ರಂದು ವಿರೋಧ ಪಕ್ಷಗಳ ಬಹುತೇಕ ಸದಸ್ಯರ ಗೈರಿನಲ್ಲಿ ಸಭೆ ಘೋಷಣೆಯನ್ನು ಅಂಗೀಕರಿಸಿದ ದಿನವೇ ಸ್ಪೇನಿನ ಸೆನೆಟ್ 155ನೇ ವಿಧಿಯನ್ನು ಜಾರಿಗೆ ತರಲು ಒಪ್ಪಿ, ಕ್ಯಾಟಲೋನಿಯಾದ ಸರ್ಕಾರವನ್ನು ವಜಾ ಮಾಡುವ ದಾರಿ ತೆರೆಯಿತು. ನಮ್ಮ 356ನೇ ವಿಧಿಯನ್ನು ಬಲ್ಲ ಓದುಗರಿಗೆ ಇದರ ಸ್ವರೂಪ ತಕ್ಷಣ ಅರ್ಥವಾಗುತ್ತದೆ. ಹೊಸ ಗಣರಾಜ್ಯವನ್ನು ಜಗತ್ತಿನ ಒಂದು ದೇಶವೂ ಮಾನ್ಯ ಮಾಡಲಿಲ್ಲ.

2019ರಲ್ಲಿ ಒಂಬತ್ತು ನಾಯಕರಿಗೆ ರಾಜದ್ರೋಹಕ್ಕಾಗಿ 9ರಿಂದ 13 ವರ್ಷಗಳ ಶಿಕ್ಷೆಯಾಯಿತು. ಮುಂದಿನದನ್ನು ಬೇಗ ಹೇಳಿ ಮುಗಿಸಬಹುದು: 2021ರಲ್ಲಿ ಅವರಿಗೆ ಕ್ಷಮಾದಾನ, 2022ರ ಕೊನೆಗೆ ಆ ಅಪರಾಧವೇ ದಂಡಸಂಹಿತೆಯಿಂದ ರದ್ದು, 2024ರಲ್ಲಿ ಸಾಮೂಹಿಕ ಕ್ಷಮಾದಾನದ ಕಾಯ್ದೆ. ಇದಕ್ಕೆಲ್ಲ ಮುಖ್ಯ ಕಾರಣ, ಪೆಡ್ರೊ ಸ್ಯಾಂಚೆಜ್ ಅವರ ಅಲ್ಪಮತದ ಸರ್ಕಾರಕ್ಕೆ ಕ್ಯಾಟಲನ್ ಪಕ್ಷಗಳ ಮತ ಬೇಕಿದ್ದುದು. ಈ ವಿಷಯದಲ್ಲಿ ಸಂವಿಧಾನದ ಒಂದಕ್ಷರವೂ ಬದಲಾಗದೆ ಪರಿಸ್ಥಿತಿ ಇಷ್ಟು ತಿರುಗಿತು.

ಇಷ್ಟರ ಹಿಂದೆ ಹಣದ ಲೆಕ್ಕವೊಂದಿದೆ. ಭಾವನೆಯ ಭಾಷಣಗಳಲ್ಲಿ ಅದು ಮರೆಯಾಗುತ್ತದೆ. ಉತ್ತರ ಸ್ಪೇನಿನ ಬಾಸ್ಕ್ ಪ್ರದೇಶದ ಮೂರು ಪ್ರಾಂತಗಳು ಆದಾಯ ತೆರಿಗೆ, ಕಂಪನಿ ತೆರಿಗೆ, ಮೌಲ್ಯವರ್ಧಿತ ತೆರಿಗೆಗಳನ್ನು ತಾವೇ ವಸೂಲು ಮಾಡುತ್ತವೆ. ರಕ್ಷಣೆ, ವಿದೇಶಾಂಗದಂತಹ, ತಮಗೆ ವರ್ಗವಾಗದ ಹೊಣೆಗಳಿಗೆ ಕೇಂದ್ರ ಮಾಡುವ ವೆಚ್ಚದಲ್ಲಿ ಶೇ 6.24ರಷ್ಟನ್ನು ತಮ್ಮ ಪಾಲೆಂದು ಲೆಕ್ಕ ಹಿಡಿದು, ಹೊಂದಾಣಿಕೆಗಳ ನಂತರ ಮ್ಯಾಡ್ರಿಡ್‌ಗೆ ಕಟ್ಟುತ್ತವೆ. 1878ರಲ್ಲಿ ಶುರುವಾದ ಈ ಏರ್ಪಾಟನ್ನು ಫ್ರಾಂಕೋ 1937ರಲ್ಲಿ ತನ್ನ ವಿರುದ್ಧ ನಿಂತ ಬಿಸ್ಕೇ ಮತ್ತು ಗಿಪುಸ್ಕೊವಾಗಳಿಂದ ಕಿತ್ತುಕೊಂಡು, ತನ್ನ ಪರವಿದ್ದ ಆಲವಾಕ್ಕೆ ಮಾತ್ರ ಉಳಿಸಿದ. ಪ್ರಜಾಪ್ರಭುತ್ವ ಬಂದ ಮೇಲೆ ಮೂರಕ್ಕೂ ಮರಳಿ ಸಿಕ್ಕಿತು. ಕ್ಯಾಟಲೋನಿಯಾಕ್ಕೆ ಈ ಸೌಲಭ್ಯವಿಲ್ಲ. 2012ರಲ್ಲಿ ಅಂಥದ್ದೇ ತೆರಿಗೆ ಒಪ್ಪಂದ ಕೇಳಿದ, ಆಗಿನ ಕ್ಯಾಟಲೋನಿಯಾ ಸರ್ಕಾರದ ಮುಖ್ಯಸ್ಥ ಆರ್ಟುರ್ ಮಾಸ್ ಅವರಿಗೆ ಪ್ರಧಾನಿ ರಹೋಯ್ ಇಲ್ಲವೆಂದ ನಂತರವೇ ಮಾಸ್ ಸ್ವಾತಂತ್ರ್ಯದ ಕಡೆ ಹೊರಳಿದರು. 2024ರ ಮೇ ಚುನಾವಣೆಯಲ್ಲಿ ಸ್ವಾತಂತ್ರ್ಯವಾದಿಗಳು ಬಹುಮತ ಕಳೆದುಕೊಂಡು ಸಮಾಜವಾದಿ ಸಾಲ್ವಡೊರ್ ಇಲ್ಯಾ ಅಧಿಕಾರಕ್ಕೆ ಬಂದಾಗಲೂ, ಬೆಂಬಲಕ್ಕೆ ತೆತ್ತ ಬೆಲೆ ತೆರಿಗೆ ವಸೂಲಿಯ ಪ್ರತ್ಯೇಕ ಏರ್ಪಾಟಿನ ಭರವಸೆಯೇ. ಬೆಲ್ಜಿಯಂನ ಕಥೆಯೂ ಇದೇ ಜಾಡಿನದು. 1970ರಿಂದ ಆರು ಬಾರಿ ರಾಜ್ಯವ್ಯವಸ್ಥೆಯನ್ನು ತಿದ್ದಿ, ಅಧಿಕಾರವನ್ನು ಪ್ರಾಂತಗಳಿಗೆ ಹಂಚುತ್ತ ಬಂದ ಆ ದೇಶದಲ್ಲಿ, ಡಚ್ ಭಾಷಿಕ ಉತ್ತರ ಭಾಗವಾದ ಫ್ಲಾಂಡರ್ಸ್ ಸ್ವತಂತ್ರವಾಗುವುದನ್ನು ಗುರಿಯಾಗಿ ಬರೆದುಕೊಂಡ ಪಕ್ಷದ ಬಾರ್ಟ್ ಡಿ ವೇವರ್ 2025ರ ಫೆಬ್ರುವರಿಯಲ್ಲಿ ಇಡೀ ಬೆಲ್ಜಿಯಂನ ಪ್ರಧಾನಿಯಾದರು.

ಬಿಟ್ಟುಹೋಗುವ ಹಕ್ಕನ್ನು ಕಾನೂನಿನಲ್ಲೇ ಬರೆದಿಟ್ಟರೆ ಈ ತೊಡಕು ಬಗೆಹರಿಯುವುದಿಲ್ಲವೇ ಎಂಬುದು ವಿದ್ಯಾರ್ಥಿಗಳ ಮರುಪ್ರಶ್ನೆ. ಬ್ರಿಟನ್ನಿನಲ್ಲೇ ಅದಕ್ಕೆ ಉದಾಹರಣೆಯಿದೆ. ಉತ್ತರ ಐರ್ಲೆಂಡಿನ ಹಿಂಸಾಚಾರಕ್ಕೆ ತೆರೆ ಎಳೆದ 1998ರ ಶುಭ ಶುಕ್ರವಾರದ ಒಪ್ಪಂದದಂತೆ ಉತ್ತರ ಐರ್ಲೆಂಡಿನ ಬಹುಮತ ಬಯಸಿದರೆ ಅದು ಬ್ರಿಟನ್ ಬಿಟ್ಟು ಐರ್ಲೆಂಡಿನೊಡನೆ ಸೇರಬಹುದು, ಅದಕ್ಕೆ ಬ್ರಿಟನ್ನೂ ಬದ್ಧ. ಒಮ್ಮೆ ಮತದಾನವಾದರೆ ಮತ್ತೊಂದಕ್ಕೆ ಏಳು ವರ್ಷಗಳ ಅಂತರವಿರಬೇಕೆಂಬ ವಿವರವೂ ಅದನ್ನು ಜಾರಿಗೊಳಿಸಿದ ಕಾಯ್ದೆಯಲ್ಲಿದೆ. ಆದರೆ ಮತದಾನಕ್ಕೆ ಆದೇಶಿಸಬೇಕಾದವರು ಲಂಡನ್ನಿನ ಸಚಿವರು. ಬಹುಮತ ಏಕೀಕರಣದ ಪರವಿರುವ ಸಂಭವವಿದೆಯೆಂದು ಅವರಿಗೆ ಕಂಡುಬಂದಾಗ ಆದೇಶಿಸುವುದು ಅವರ ಕರ್ತವ್ಯ. ಯಾವ ಆಧಾರದ ಮೇಲೆ ಹಾಗೆ ಕಂಡುಬರಬೇಕು, ಸಮೀಕ್ಷೆಗಳೇ, ಚುನಾವಣಾ ಫಲಿತಾಂಶಗಳೇ, ಜನಗಣತಿಯೇ ಎಂಬುದನ್ನು ಕಾಯ್ದೆ ಹೇಳುವುದಿಲ್ಲ. ಮಾನದಂಡಗಳನ್ನು ಮುಂಚಿತವಾಗಿ ಪ್ರಕಟಿಸುವಂತೆ ಸಚಿವರಿಗೆ ನಿರ್ದೇಶಿಸಬೇಕೆಂದು ಕೋರಿದ ಅರ್ಜಿಯನ್ನು ಬೆಲ್‌ಫಾಸ್ಟ್‌ನ ನ್ಯಾಯಾಲಯ 2018ರಲ್ಲಿ ತಳ್ಳಿಹಾಕಿತು. ಮೇಲ್ಮನವಿಯಲ್ಲೂ ಅದೇ ನಿಲುವು ಉಳಿಯಿತು.