ಸೀರೆ ಅಂಗಡಿಯ ವೆಬ್‌ಸೈಟ್ ಗೂಗಲ್‌ಗೆ ಕಾಣುವುದು ಯಾವಾಗ?

“ಗೂಗಲ್‌ನ್ಯಾಗ ನಮ್ಮ ಅಂಗಡಿ ಮೊದಲನೇ ಪೇಜಿಗೆ ಬರಬೇಕ್ರಿ, ಎಷ್ಟ್ ಖರ್ಚಾಕ್ಕೈತಿ?” ಬಾಗಲಕೋಟೆ ಕಡೆಯ ಸೀರೆ ವ್ಯಾಪಾರಿಗಳು ಫೋನ್ ಮಾಡಿದರೆ ಮಾತು ಹೆಚ್ಚುಕಡಿಮೆ ಹೀಗೇ ಶುರುವಾಗುತ್ತದೆ. ದುಡ್ಡು ಕೊಟ್ಟರೆ ಸಿಗುವುದು ಜಾಹೀರಾತಿನ ಜಾಗ. ದುಡ್ಡು ನಿಲ್ಲಿಸಿದ ದಿನ ಅದೂ ನಿಲ್ಲುತ್ತದೆ. ಅದರಾಚೆಗಿನ ಸಹಜ ಫಲಿತಾಂಶಗಳಲ್ಲಿ ಗೂಗಲ್ ಯಾರಿಗೂ ಜಾಗ ಮಾರುವುದಿಲ್ಲ. ಹದಿನೈದು ದಿನದಲ್ಲಿ ನಂಬರ್ ಒನ್ ಮಾಡಿಕೊಡುತ್ತೇನೆ ಎಂದು ಗ್ಯಾರಂಟಿ ಕೊಡುವವರು ಬಂದರೆ ಚಹಾ ಕುಡಿಸಿ ಕಳಿಸಿಬಿಡಿ.

ನಾನು ಮೊದಲು ನೋಡುವುದು ಸೈಟು ಗೂಗಲ್‌ಗೆ ಗೊತ್ತಿದೆಯೇ ಎಂಬುದನ್ನು. ಹುಡುಕಾಟದ ಪೆಟ್ಟಿಗೆಯಲ್ಲಿ ಇಂಗ್ಲಿಷಿನಲ್ಲಿ ‘ಸೈಟ್’ ಎಂದು ಬರೆದು, ಕೋಲನ್ ಹಾಕಿ, ಜಾಗ ಬಿಡದೆ ನಿಮ್ಮ ವಿಳಾಸ ಕೊಡಿ. ಒಂದೂ ಪುಟ ಬರದಿದ್ದರೆ, ನಿಮ್ಮ ಸೈಟು ಕಟ್ಟಿದ್ದು ವರ್ಡ್‌ಪ್ರೆಸ್ ಎಂಬ ಸಾಫ್ಟ್‌ವೇರ್‌ನಲ್ಲಾದರೆ, ಅದರ ಸೆಟ್ಟಿಂಗ್ಸ್‌ನಲ್ಲಿ ರೀಡಿಂಗ್ ಎಂಬಲ್ಲಿಗೆ ಹೋಗಿ. ಸರ್ಚ್ ಎಂಜಿನ್‌ಗಳು ಈ ಸೈಟನ್ನು ಸೇರಿಸಿಕೊಳ್ಳುವುದು ಬೇಡ ಎಂಬರ್ಥದ ಒಂದು ಟಿಕ್ ಅಲ್ಲಿರುತ್ತದೆ. ಸೈಟು ಕಟ್ಟುವಾಗ ಹಾಕಿದ್ದನ್ನು ಕಟ್ಟಿ ಮುಗಿದ ಮೇಲೆ ತೆಗೆಯಲು ಮರೆಯುವವರು ಬೇಕಾದಷ್ಟಿದ್ದಾರೆ.

ಆಮೇಲೆ ಸರ್ಚ್ ಕನ್ಸೋಲ್. ಗೂಗಲ್‌ನದೇ ಉಚಿತ ಸಾಧನ. ಜನ ಏನೇನು ಟೈಪ್ ಮಾಡಿದಾಗ ನಿಮ್ಮ ಪುಟ ಕಾಣಿಸಿತು, ಎಷ್ಟು ಜನ ಒತ್ತಿದರು, ಸರಾಸರಿ ಎಷ್ಟನೇ ಸ್ಥಾನದಲ್ಲಿತ್ತು ಎಂಬುದೆಲ್ಲ ಅದರಲ್ಲಿದೆ. ಇಳಕಲ್ ಸೀರೆ ಮಾರುವ ಸೈಟೊಂದರ ಪಟ್ಟಿ ತೆರೆದರೆ ಅರ್ಧ ಪಾಠ ಅಲ್ಲೇ ಆಗುತ್ತದೆ. ಕನ್ನಡಿಗರು ಕನ್ನಡದ ಮಾತನ್ನೇ ಇಂಗ್ಲಿಷ್ ಅಕ್ಷರದಲ್ಲಿ ಹೊಡೆಯುತ್ತಾರೆ. ಮಹಾರಾಷ್ಟ್ರದವರು ಹುಡುಕುವುದು ‘ಇರಕಲ್’. ಅದರಲ್ಲೂ ಒಂಬತ್ತು ಗಜದ್ದು, ಅವರ ಮಾತಲ್ಲಿ ‘ನೌವಾರಿ’. ಗುಳೇದಗುಡ್ಡದ ಖಣವನ್ನು ಅವರು ‘ಖಣ್’ ಎನ್ನುತ್ತಾರೆ, ಇಂಗ್ಲಿಷಿನಲ್ಲಿ ಬರೆಯುವಾಗ ಅದು ‘ಖುನ್’ ಆಗುವುದೂ ಉಂಟು. ಅಷ್ಟು ದೊಡ್ಡ ಮಾರುಕಟ್ಟೆ ಪಕ್ಕದಲ್ಲೇ ಇದೆ, ನಮ್ಮ ಸೈಟಿನಲ್ಲಿ ಆ ಹೆಸರುಗಳ ಸುಳಿವೇ ಇಲ್ಲ! ಗೂಗಲ್ ಕಾಗುಣಿತದ ಸಣ್ಣಪುಟ್ಟ ವ್ಯತ್ಯಾಸಗಳನ್ನು ತಾನೇ ಹೊಂದಿಸಿಕೊಳ್ಳುತ್ತದೆ ನಿಜ, ಆದರೆ ಎಲ್ಲವನ್ನೂ ಅದರ ಮೇಲೆ ಬಿಡುವುದೇಕೆ? ‘ಮಹಾರಾಷ್ಟ್ರದಲ್ಲಿ ಇದಕ್ಕೇ ಇರಕಲ್ ಎಂದು ಹೆಸರು’ ಎಂಬ ಒಂದು ಸಾಲು ಪುಟದಲ್ಲಿ ಸಹಜವಾಗಿ ಬಂದರೆ ಸಾಕು. ಎಲ್ಲ ಕಾಗುಣಿತಗಳನ್ನೂ ಸಾಲಾಗಿ ಪೇರಿಸಿಟ್ಟರೆ ಅದು ಸ್ಪ್ಯಾಮ್. ಪುಟದ ಒಳಗೆ ಅಡಗಿರುವ ‘ಮೆಟಾ ಕೀವರ್ಡ್ಸ್’ ತುಂಬಲು ಈಗಲೂ ಬಿಲ್ ಮಾಡುವವರಿದ್ದಾರೆ. ರ‍್ಯಾಂಕಿಂಗ್‌ಗೆ ಅದನ್ನು ಬಳಸುವುದಿಲ್ಲ ಎಂದು ಗೂಗಲ್ 2009ರಲ್ಲೇ ಹೇಳಿಯಾಗಿದೆ.

ಕನ್ನಡದಲ್ಲಿ ಪುಟ ಬರೆಸುವವರಿಗೆ ಇನ್ನೊಂದು ಕಿರಿಕಿರಿ ಇದೆ. ಇಳಕಲ್ ಸೀರೆಯ ಬಣ್ಣವೊಂದರ ಹೆಸರು ‘ಗಿರಿಕುಂಕುಮ’ ಎಂದು ಬೆರಳಚ್ಚಿಸುವಾಗ ಅನುಸ್ವಾರದ ಬದಲು ಕನ್ನಡ ಅಂಕಿಯ ಸೊನ್ನೆ ಬಿದ್ದಿರುತ್ತದೆ. ಕಣ್ಣಿಗೆ ವ್ಯತ್ಯಾಸ ಗೊತ್ತಾಗದು, ಆದರೆ ಕಂಪ್ಯೂಟರ್ ಅಕ್ಷರಗಳನ್ನು ಗುರುತಿಸುವ ಸಂಕೇತ ವ್ಯವಸ್ಥೆಯಾದ ಯೂನಿಕೋಡ್‌ನಲ್ಲಿ ಅವೆರಡೂ ಬೇರೆ ಬೇರೆ. ನಿಮ್ಮದೇ ಪುಟ ತೆರೆದು ಕಂಟ್ರೋಲ್ ಎಫ್ ಒತ್ತಿ ಆ ಪದ ಟೈಪ್ ಮಾಡಿ. ಎದುರಿಗೇ ಇರುವ ಪದ ಸಿಗದಿದ್ದರೆ ಕಾರಣ ಬಹುತೇಕ ಇದೇ. ಹಳೆಯ, ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಟೈಪ್ ಮಾಡಿ ತಂದ ಪಠ್ಯವಂತೂ ಯಂತ್ರದ ಪಾಲಿಗೆ ಅರ್ಥವಿಲ್ಲದ ಅಕ್ಷರಗಳ ರಾಶಿ. ಬೆಲೆ, ಬಣ್ಣ, ವಿವರ ಎಲ್ಲವನ್ನೂ ಚಂದದ ಪೋಸ್ಟರ್ ಚಿತ್ರದೊಳಗೆ ಬರೆಸುವುದೂ ಬೇಡ, ಅವು ಪಠ್ಯವಾಗಿಯೇ ಇರಲಿ.

ಇನ್ನು ಪುಟದಲ್ಲಿ ಬರೆಯುವುದೇನು? ‘ನಮ್ಮಲ್ಲಿ ಉತ್ತಮ ಗುಣಮಟ್ಟದ ಸೀರೆಗಳು ಸುಲಭ ಬೆಲೆಯಲ್ಲಿ ದೊರೆಯುತ್ತವೆ’ ಎಂದು ಯಾರೂ ಹುಡುಕುವುದಿಲ್ಲ. ಗಿರಾಕಿಗಳು ಗಲ್ಲಾದ ಮುಂದೆ ನಿಂತು ಕೇಳುವ ಪ್ರಶ್ನೆಗಳನ್ನು ಒಂದು ವಾರ ನೋಟ್‌ಬುಕ್ಕಿನಲ್ಲಿ ಬರೆದಿಡಿ ಎನ್ನುತ್ತೇನೆ. ಇದು ಕೈಮಗ್ಗವೋ ಪವರ್‌ಲೂಮೋ? ಸೆರಗು ರೇಷ್ಮೆ, ಒಡಲು ಹತ್ತಿ ಎಂದರೆ ಒಗೆಯುವುದು ಹೇಗೆ? ಕಸೂತಿ ಕೈಯಿಂದ ಹಾಕಿದ್ದೋ ಮೆಷಿನ್ನಿನದೋ? ಒಂದೊಂದು ಪ್ರಶ್ನೆಗೂ ಒಂದೊಂದು ಪುಟ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಕೊಂಡಿ ಹಾಕಿ ಜೋಡಿಸುತ್ತಾರಲ್ಲ, ಆ ಜೋಡಣೆಯ ಫೋಟೋವನ್ನು ಹತ್ತಿರದಿಂದ ತೆಗೆದು, ತೋಪ್ ತೆನಿ ಸೆರಗು ಎಂದರೇನು ಎಂದು ನೇಕಾರರ ಬಾಯಲ್ಲೇ ಹೇಳಿಸಿ. ಊರಿಂದೂರಿಗೆ ನಕಲು ಹೊಡೆದ ವಿವರಣೆಗಳ ನಡುವೆ ಮಗ್ಗ ನೋಡಿದವರು ಬರೆದದ್ದು ಬೇರೆಯಾಗಿಯೇ ಕಾಣುತ್ತದೆ. ಎಐ ಹತ್ತಿರ ಬರೆಸಿದರಾಗದೇ ಎಂದು ಈಗ ಎಲ್ಲರೂ ಕೇಳುತ್ತಾರೆ. ಬರೆಸಿ, ಬೇಡ ಎನ್ನುವುದಿಲ್ಲ. ಆದರೆ ನಿಮ್ಮ ಅಂಗಡಿಯ ಕೊಂಡಿಯ ಫೋಟೋ ಅದರ ಹತ್ತಿರ ಇಲ್ಲ.

ಫೋಟೋ ಎಂದೆನಲ್ಲ, ಫೋನಿನಲ್ಲಿ ತೆಗೆದ ಐದಾರು ಎಂಬಿಯ ಚಿತ್ರವನ್ನು ಹಾಗೇ ಏರಿಸಬೇಡಿ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕೆಂಬುದು ಗೂಗಲ್ ಇಟ್ಟಿರುವ ಅಳತೆ. ಚಿತ್ರ ಕುಗ್ಗಿಸಿ, ಅದರ ಆಲ್ಟ್ ಪಠ್ಯದಲ್ಲಿ, ಅಂದರೆ ಚಿತ್ರದಲ್ಲೇನಿದೆ ಎಂದು ಯಂತ್ರಕ್ಕೆ ಹೇಳುವ ಬರಹದಲ್ಲಿ, ಬಣ್ಣ, ಅಂಚಿನ ಹೆಸರು ಬರೆಯಿರಿ.

ಸೋಷಿಯಲ್ ಮೀಡಿಯಾ ವಿಷಯದಲ್ಲಿ ನನ್ನ ಅಭಿಪ್ರಾಯ ಕೆಲವರಿಗೆ ಹಿಡಿಸುವುದಿಲ್ಲ. ಇನ್‌ಸ್ಟಾಗ್ರಾಂ ರೀಲ್ ಲಕ್ಷ ಜನ ನೋಡಿದರು ಎಂಬ ಸಂಭ್ರಮ ಸರಿ, ಆದರೆ ಕ್ಯಾಪ್ಶನ್‌ನಲ್ಲಿ ಹಾಕಿದ ಲಿಂಕ್ ಒತ್ತಿದರೆ ಅಲ್ಲಿ ತೆರೆಯುವುದೇ ಇಲ್ಲ. ಬಯೋದಲ್ಲಿರುವ ಲಿಂಕಿನತನಕ ಬರುವವರು ಕೆಲವೇ ಮಂದಿ. ನಮ್ಮ ಕಡೆಯ ವ್ಯಾಪಾರಕ್ಕೆ ಹೆಚ್ಚು ಒದಗುವುದು ವಾಟ್ಸ್‌ಆ್ಯಪ್. ಒಬ್ಬಾಕೆ ತಂಗಿಗೆ ಕಳಿಸುತ್ತಾಳೆ, ತಂಗಿ ಮದುವೆ ಮನೆಯ ಗುಂಪಿಗೆ ಹಾಕುತ್ತಾಳೆ. ಆಗ ಲಿಂಕಿನ ಜೊತೆ ಸೀರೆಯ ಚಿತ್ರ, ಹೆಸರು ಬರಬೇಕು. ಬೋಳು ಲಿಂಕನ್ನು ಯಾರು ಒತ್ತುತ್ತಾರೆ? ಆ ಚಿತ್ರ ಬರುವುದು ಪುಟದಲ್ಲಿರುವ ಓಪನ್ ಗ್ರಾಫ್ ಟ್ಯಾಗ್‌ಗಳಿಂದ. ಸೈಟು ಮಾಡಿದವರಿಗೆ ಹೇಳಿದರೆ ಅರ್ಧ ಗಂಟೆಯ ಕೆಲಸ.

ಗೂಗಲ್‌ನ ಹುಡುಕಾಟ, ಮ್ಯಾಪ್‌ಗಳಲ್ಲಿ ಅಂಗಡಿಯ ವಿವರ ತೋರಿಸುವ ಗೂಗಲ್ ಬಿಸಿನೆಸ್ ಪ್ರೊಫೈಲ್ ಮಾಡಿಸಿ, ಸಮಯ ಮತ್ತು ವಾರದ ರಜೆ ಸರಿಯಾಗಿ ಹಾಕಿ. ರಿವ್ಯೂ ಕೇಳಬಹುದು, ರಿವ್ಯೂಗೆ ಪ್ರತಿಯಾಗಿ ರಿಯಾಯಿತಿ ಕೊಡುವಂತಿಲ್ಲ.

ಇಷ್ಟು ಮಾಡಿ ಎರಡು ಮೂರು ತಿಂಗಳಾದ ಮೇಲೆ ಕನ್ಸೋಲ್ ತೆರೆದು, ಹೆಚ್ಚು ಸಲ ಕಾಣಿಸಿಕೊಂಡೂ ಕ್ಲಿಕ್ ಆಗದ ಪುಟಗಳನ್ನು ಹುಡುಕಿ. ಮೊದಲು ತಿದ್ದಬೇಕಾದವು ಅವೇ. ಹಲವಕ್ಕೆ ಶೀರ್ಷಿಕೆ ಬರೀ ‘ಹೋಮ್’ ಎಂದೋ ‘ಪ್ರಾಡಕ್ಟ್ಸ್’ ಎಂದೋ ಇರುತ್ತದೆ. ಅದನ್ನು ತೆಗೆದು ‘ಒಂಬತ್ತು ಗಜದ ಇಳಕಲ್ ಕೈಮಗ್ಗ ಸೀರೆ, ತೋಪ್ ತೆನಿ ಸೆರಗು’ ಎಂದು ಬರೆದು ಮತ್ತೆ ಕಾಯಿರಿ. ಕನ್ಸೋಲ್ ಹದಿನಾರು ತಿಂಗಳ ಲೆಕ್ಕ ಇಟ್ಟುಕೊಳ್ಳುತ್ತದೆ, ಈ ದಸರೆಯನ್ನು ಹೋದ ದಸರೆಯ ಜೊತೆ ಹೋಲಿಸಿ ನೋಡಲು ಅಷ್ಟು ಸಾಕು.