ಹೊಗೆ ತುಂಬಿದ ಸುರಂಗದಲ್ಲಿ ಗೋಡೆ ಸವರುತ್ತಾ

ರಸ್ತೆ ಸುರಂಗದೊಳಗೆ ಹೊಗೆ ಕಂಡರೆ ಜನ ಎದ್ದುಬಿದ್ದು ಓಡುತ್ತಾರೆ ಅಂದುಕೊಂಡಿದ್ದೇವೆ. ಓಡುವುದಿಲ್ಲ. ನೆದರ್ಲೆಂಡ್ಸ್‌ನ ಬೆನೆಲಕ್ಸ್ ಸುರಂಗದಲ್ಲಿ 2002ರ ಸುಮಾರಿಗೆ ಇದನ್ನು ಪರೀಕ್ಷಿಸಿದ್ದರು. ಕಾರಿನಲ್ಲಿ ಬಂದವರಿಗೆ ಬೆಂಕಿಯ ಸುಳಿವು ಕೊಟ್ಟಿರಲಿಲ್ಲ. ಮುಂದೆ ನಿಂತಿದ್ದ ಲಾರಿ ಹೊಗೆ ಉಗುಳತೊಡಗಿತು. ಧ್ವನಿವರ್ಧಕದಲ್ಲಿ ‘ಇಳಿದು ಹೊರಡಿ’ ಅನ್ನುವ ತನಕ, ಅಂದರೆ ಸುಮಾರು ಐದು ನಿಮಿಷ, ಬಹುತೇಕರು ಸೀಟು ಬಿಟ್ಟು ಕದಲಲಿಲ್ಲ. ಅವರನ್ನು ದಡ್ಡರು ಅನ್ನಬೇಕಾಗಿಲ್ಲ. ಟ್ರಾಫಿಕ್ ಜಾಮಿನಲ್ಲಿ ಕಾರು ಬಿಟ್ಟು ಇಳಿದು ಹೋಗುವ ಅಭ್ಯಾಸ ನಮ್ಮಲ್ಲಾದರೂ ಯಾರಿಗಿದೆ? ಪಕ್ಕದ ಕಾರಿನವನು ಕೂತಿದ್ದಾನೆ, ಹಾಗಾಗಿ ನಾನೂ ಕೂತಿದ್ದೇನೆ.

ಸುರಂಗ ಕಟ್ಟುವವರಿಗೂ ಬಹುಕಾಲ ಹೊಗೆಯ ಚಿಂತೆ ಇರಲಿಲ್ಲ. 1927ರಲ್ಲಿ ನ್ಯೂಯಾರ್ಕಿನ ಹಾಲೆಂಡ್ ಟನಲ್ ತೆರೆದಾಗ ಅವರನ್ನು ಕಾಡಿದ್ದು ವಾಹನಗಳು ಬಿಡುವ ಕಾರ್ಬನ್ ಮಾನಾಕ್ಸೈಡ್. ಅದಕ್ಕಾಗಿ 84 ಫ್ಯಾನು ಹಾಕಿ, ಒಂದೂವರೆ ನಿಮಿಷಕ್ಕೊಮ್ಮೆ ಒಳಗಿನ ಗಾಳಿ ಪೂರ್ತಿ ಬದಲಾಗುವಂತೆ ಮಾಡಿದರು. ಮನುಷ್ಯ ಕಾಲ್ನಡಿಗೆಯಲ್ಲಿ ಹೊರಬರಬೇಕಾದೀತು ಎಂಬ ಯೋಚನೆ ವಿನ್ಯಾಸದ ಕೇಂದ್ರಕ್ಕೆ ಬರಲು ಇನ್ನೂ ದಶಕಗಳೇ ಬೇಕಾದವು.

ಅದನ್ನು ತಂದದ್ದು ಫ್ರಾನ್ಸ್ ಮತ್ತು ಇಟಲಿಯ ನಡುವಿನ 11.6 ಕಿ.ಮೀ. ಉದ್ದದ ಮಾಂಟ್ ಬ್ಲಾಂಕ್ ಸುರಂಗ. 1999ರ ಮಾರ್ಚ್ 24ರಂದು ಮಾರ್ಗರೀನ್ ಮತ್ತು ಹಿಟ್ಟು ಹೊತ್ತಿದ್ದ ಲಾರಿಗೆ ಒಳಗೆ ಬೆಂಕಿ ಹತ್ತಿತು. ಅದು ಆರಲು 53 ಗಂಟೆ ಹಿಡಿಯಿತು, 39 ಜನ ಸತ್ತರು. ಹೆಚ್ಚಿನವರು ಸಿಕ್ಕಿದ್ದು ತಮ್ಮ ವಾಹನದೊಳಗೆ, ಇಲ್ಲವೇ ಅದರ ಆಸುಪಾಸಿನಲ್ಲಿ. ಸುರಂಗದಲ್ಲಿ ಆಶ್ರಯಕೊಠಡಿಗಳು ಇದ್ದವು. ಅಲ್ಲಿ ಕಾಯಬಹುದಿತ್ತೇ ಹೊರತು ಅಲ್ಲಿಂದ ಹೊರಗೆ ದಾರಿ ಇರಲಿಲ್ಲ. ಕಾವಲಿನ ಸಿಬ್ಬಂದಿಯೊಬ್ಬರು, ಜೊತೆಗೊಬ್ಬ ಲಾರಿ ಚಾಲಕ ಅಂಥದ್ದೇ ಕೊಠಡಿಯಲ್ಲಿ ತೀರಿಕೊಂಡರು. ಒಳಗೆ ಸಿಕ್ಕಿಬಿದ್ದ ಅಗ್ನಿಶಾಮಕ ಸಿಬ್ಬಂದಿಯನ್ನು ಕೊನೆಗೆ ಹೊರತಂದದ್ದು ರಸ್ತೆಯ ಕೆಳಗಿದ್ದ ಗಾಳಿ ಕೊಳವೆಯ ಮೂಲಕ. 2002ರಲ್ಲಿ ಸುರಂಗ ಮತ್ತೆ ತೆರೆದಾಗ ಆ ಕೊಳವೆಯೇ ಅಧಿಕೃತ ಪಾರುದಾರಿಯಾಗಿತ್ತು. 300 ಮೀಟರಿಗೊಂದರಂತೆ 37 ಕೊಠಡಿ, ಪ್ರತಿಯೊಂದರಿಂದಲೂ ಕೆಳಗಿಳಿಯುವ ದಾರಿ.

ಬಾಗಿಲು ಇದ್ದರಷ್ಟೇ ಸಾಕೇ? ಬಿಸಿ ಹೊಗೆ ಮೊದಲು ಛಾವಣಿಗೆ ಅಂಟಿಕೊಂಡು ಹರಿಯುತ್ತದೆ, ಕೆಳಗೆ ಉಸಿರಾಡಲು ಒಂದಿಷ್ಟು ತಿಳಿ ಗಾಳಿ ಉಳಿದಿರುತ್ತದೆ. ಹರಿಯುತ್ತಾ ತಣ್ಣಗಾಗಿ ಕೆಳಗಿಳಿಯುತ್ತದೆ. ಫ್ಯಾನು ಜೋರಾಗಿ ಬೀಸಿದರಂತೂ ಎಲ್ಲ ಕಲಸಿಹೋಗುತ್ತದೆ. ಜಪಾನಿನ ಸಂಶೋಧಕ ತದಾಹಿಸಾ ಜಿನ್ 1970ರ ದಶಕದಲ್ಲಿ ಜನರನ್ನು ಹೊಗೆಯಲ್ಲಿ ನಡೆಸಿ ನೋಡಿದರು. ಕಣ್ಣುರಿಸುವ ಹೊಗೆಯಾದರೆ ಕಣ್ಣೀರು ಸುರಿದು ರೆಪ್ಪೆ ತಾನೇ ಮುಚ್ಚಿಕೊಳ್ಳುತ್ತದೆ. ಒಂದು ಮಟ್ಟ ದಾಟಿದ ಮೇಲೆ ನಡಿಗೆ ಕತ್ತಲಲ್ಲಿ ನಡೆಯುವವರದ್ದೇ ಆಗುತ್ತದೆ.

ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದವರು ಕಣ್ಣುರಿಯಲೆಂದು ಹೊಗೆಗೆ ಅಸಿಟಿಕ್ ಆಮ್ಲ ಬೆರೆಸಿ ಸುಮಾರು 37 ಮೀಟರ್ ಸುರಂಗದಲ್ಲಿ ಇದನ್ನು ಮುಂದುವರಿಸಿದರು. ವೇಗ ಸೆಕೆಂಡಿಗೆ 0.2ರಿಂದ 0.8 ಮೀಟರ್. ಮಾಮೂಲಿ ನಡಿಗೆ 1.2 ಮೀಟರಿನ ಆಸುಪಾಸು. ಕೈಗೆ ಗೋಡೆ ಸಿಕ್ಕವರು ಅದನ್ನೇ ಸವರುತ್ತಾ ಹೋದರು. ಸಮಸ್ಯೆ ಇರುವುದೂ ಅಲ್ಲೇ: ಬಾಗಿಲು ಎದುರು ಗೋಡೆಯಲ್ಲಿದ್ದರೆ, ನಾಲ್ಕು ಹೆಜ್ಜೆ ದೂರದಲ್ಲಿದ್ದರೂ ಅದನ್ನು ದಾಟಿ ಹೋಗುತ್ತಾರೆ.

ನಾರ್ವೆಯ ಗುಡ್ವಾಂಗಾ ಸುರಂಗದಲ್ಲಿ ಅಂಥ ಬಾಗಿಲೇ ಇರಲಿಲ್ಲ. 11.4 ಕಿ.ಮೀ., ಒಂದೇ ಕೊಳವೆ, ಎರಡೂ ಕಡೆಯ ಸಂಚಾರ. 2013ರ ಆಗಸ್ಟ್ 5ರಂದು ಲಾರಿಯೊಂದು ಹೊತ್ತಿಕೊಂಡಿತು. ಅಗ್ನಿಶಾಮಕ ದಳಕ್ಕೆ ಅನುಕೂಲವಾಗಲೆಂದು ಮೊದಲೇ ಗೊತ್ತುಮಾಡಿದ್ದ ದಿಕ್ಕಿಗೆ ಫ್ಯಾನುಗಳು ತಿರುಗಿದವು, ಹೊಗೆ 67 ಜನರ ಮೇಲೆ ಬಂತು. ಎಲ್ಲರೂ ಬದುಕಿದರೂ ಹಲವರು ಆಸ್ಪತ್ರೆ ಸೇರಿದರು. ಅಲ್ಲಿಯ ನಿಯಮದ ಪ್ರಕಾರ ಸುರಂಗದಲ್ಲಿ ಮೊದಲಿಗೆ ನಿಮ್ಮನ್ನು ನೀವೇ ಪಾರುಮಾಡಿಕೊಳ್ಳಬೇಕು. ತತ್ವವೇನೋ ಸರಿ. ಆದರೆ ಒಬ್ಬರನ್ನು ತಾವೇ ಪಾರಾಗಿ ಎಂದು ಬಿಟ್ಟ ಮೇಲೆ ಗಾಳಿಯನ್ನು ಅವರ ಕಡೆಗೇ ಬೀಸುವುದು ಯಾವ ನ್ಯಾಯ?

2004ರ ಯುರೋಪ್ ಒಕ್ಕೂಟದ ನಿರ್ದೇಶನ, ಹೊಸ ಸುರಂಗಗಳಲ್ಲಿ ತುರ್ತು ಬಾಗಿಲುಗಳ ನಡುವೆ 500 ಮೀಟರಿಗಿಂತ ಹೆಚ್ಚು ಅಂತರ ಇರಬಾರದು, ಪಾರಾಗುವ ದಾರಿ ತೋರುವ ದೀಪ ನೆಲದಿಂದ ಒಂದೂವರೆ ಮೀಟರಿಗಿಂತ ಎತ್ತರದಲ್ಲಿ ಇರಬಾರದು ಎನ್ನುತ್ತದೆ. ಛಾವಣಿಯ ದೀಪವನ್ನು ಹೊಗೆ ಮೊದಲು ನುಂಗುತ್ತದಲ್ಲ, ಅದಕ್ಕೆ. ಹೊಗೆಯಲ್ಲಿ ಕಣ್ಣು ಕಾಣದವರಿಗಾಗಿ ಬಾಗಿಲಿನಿಂದಲೇ ‘ದಾರಿ ಇಲ್ಲಿದೆ’ ಎಂದು ಕೂಗುವ ಸ್ಪೀಕರುಗಳನ್ನೂ ಡಚ್ಚರು ಪ್ರಯೋಗಿಸಿದರು. ನಮ್ಮಲ್ಲಿ 2020ರಲ್ಲಿ ತೆರೆದ ಅಟಲ್ ಸುರಂಗಕ್ಕೆ ರಸ್ತೆಯ ಕೆಳಗೇ ಪಾರುಸುರಂಗವಿದೆ. 2017ರಲ್ಲಿ ತೆರೆದ ಜಮ್ಮು–ಕಾಶ್ಮೀರದ ಚೆನಾನಿ–ನಾಶ್ರಿ ಸುರಂಗಕ್ಕೆ ಪಕ್ಕದಲ್ಲೇ ಇನ್ನೊಂದು ಕೊಳವೆ, ಸುಮಾರು 300 ಮೀಟರಿಗೊಂದು ಅಡ್ಡದಾರಿ.

ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ಗೆ ಸುಮಾರು 17 ಕಿ.ಮೀ. ಜೋಡಿ ಸುರಂಗದ ಮಾತು ಬಂದಾಗಲೆಲ್ಲ ನಾವು ಖರ್ಚು, ಟೋಲ್, ಲಾಲ್‌ಬಾಗ್ ಅಂತ ಜಗಳವಾಡುತ್ತೇವೆ. ಜೋಡಿ ಕೊಳವೆಯಲ್ಲಿ ಪಾರಾಗುವ ದಾರಿ ಎಂದರೆ ಪಕ್ಕದ ಕೊಳವೆ. ಬಾಗಿಲು ತೆರೆದು ಆ ಕಡೆ ಕಾಲಿಡುವ ಹೊತ್ತಿಗೆ ಅಲ್ಲಿನ ವಾಹನಗಳನ್ನು ಯಾರಾದರೂ ನಿಲ್ಲಿಸಿರಬೇಕು. ಸ್ಪೀಕರಿನಲ್ಲಿ ‘ಗಾಡಿ ಆಫ್ ಮಾಡಿ, ಕೀ ಅಲ್ಲೇ ಬಿಡಿ, ಇಳಿದು ನಡೀರಿ’ ಎಂದು ಕನ್ನಡದಲ್ಲಿ, ಹಿಂದಿಯಲ್ಲಿ, ತಮಿಳಿನಲ್ಲಿ ಹೇಳಲು ಎಷ್ಟು ಸೆಕೆಂಡು ಬೇಕು ಅಂತಲೂ ಯಾರಾದರೂ ಲೆಕ್ಕ ಹಾಕಿರಬೇಕು.